ಬೀದಿಯ ಚಿತ್ರಕಲೆ

ಬೀದಿಯ ಚಿತ್ರಕಲೆಯೆಂದೊಡನೆ ನಮ್ಮ ವಿದ್ಯಾರ್ಥಿಗಳು ಕಣ್ಣಗಿ ನಗರದ ಬಣ್ಣದ ಗೋಡೆಗಳನ್ನು ನೆನೆಯುತ್ತಾರೆ. 2020ರಲ್ಲಿ ಆರಂಭವಾದ ಆ ಚಿತ್ರಗಳು ಸೊಗಸಾದವೇ. ಆದರೆ ಮೈಲಾಪುರದ ಬಾಗಿಲುಗಳ ಮುಂದೆ ಪ್ರಾತಃಕಾಲದಲ್ಲಿ ಮೂಡುವ ಕೋಲಂ ಸಹ ಬೀದಿಯ ಕಲೆಯೇ ಅಲ್ಲವೆ? ನೀರು ಚಿಮುಕಿಸಿ, ಚುಕ್ಕಿಯಿಟ್ಟು, ಬೆರಳುಗಳ ಸಂದಿನಿಂದ ಅಕ್ಕಿಹಿಟ್ಟನ್ನು ಬಿಡುತ್ತ, ಚುಕ್ಕಿಗಳನ್ನು ಬಳಸಿ ಎಳೆ ಎಳೆಯುವ ತಾಯಂದಿರು ಅಳತೆಗೋಲನ್ನು ಬಯಸರು. 1974ರಲ್ಲಿ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿಯವರೂ ಅವರ ಸಂಗಡಿಗರೂ ಈ ಎಳೆಗಳ ನಿಯಮವನ್ನು ಗಣಿತದ ಮೂಲಕ ವಿವರಿಸಿದರು. ನಮ್ಮ ರಂಗವಲ್ಲಿ ಇದರ ಸೋದರಿಯೇ. ಹೊಸ್ತಿಲಿಗೆ ಅಚ್ಚಿನ ಹಾಳೆಯನ್ನು ಅಂಟಿಸಿದರೆ ಅಂದ ಉಳಿದೀತು, ವಿದ್ಯೆ ಉಳಿಯದು. ಪರಸ್ಥಳದಲ್ಲಿ ಮಾತೃಭಾಷೆಯನ್ನು ಕಾಪಾಡುವಂತೆ ಇದನ್ನೂ ತಾಯಿಯಿಂದಲೇ ಕಲಿತು ಉಳಿಸಬೇಕು. ಬಾಲಕಿಯರು ಮಾತ್ರವಲ್ಲ, ಬಾಲಕರೂ ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ.