ಸಮವಸ್ತ್ರ ಮತ್ತು ಶಾಲೆಯ ಬಾಗಿಲು

ವಿದ್ಯಾರ್ಥಿಗಳ ಉಡುಪಿನ ವಿವಾದಗಳೆದ್ದಾಗಲೆಲ್ಲ ನಮ್ಮ ಸಮುದಾಯದಲ್ಲಿ ಕೇಳಿಬರುವ ಮಾತೊಂದುಂಟು: ‘ಶಾಲೆ ನಮ್ಮದು, ನಿಯಮವೂ ನಮ್ಮದು, ಒಪ್ಪದವರು ಬೇರೆ ಶಾಲೆ ನೋಡಿಕೊಳ್ಳಲಿ.’ ಈ ಮಾತಿಗೆ ಕಾನೂನಿನ ಬೆಂಬಲ ಇಲ್ಲದಿಲ್ಲ. ತಿರುವನಂತಪುರದ ಕ್ರೈಸ್ತ ಆಡಳಿತದ ಶಾಲೆಯೊಂದರಲ್ಲಿ ಶಿರವಸ್ತ್ರ ಹಾಗೂ ಪೂರ್ಣ ತೋಳಿನ ಅಂಗಿ ಧರಿಸಲು ಇಬ್ಬರು ವಿದ್ಯಾರ್ಥಿನಿಯರು ಅನುಮತಿ ಕೋರಿದಾಗ, ವ್ಯಕ್ತಿಯ ಹಕ್ಕಿಗಿಂತ ಸಂಸ್ಥೆಯ ಹಕ್ಕು ಹಿರಿದೆಂದು ಕೇರಳ ಹೈಕೋರ್ಟು 2018ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನಿಯಮಕ್ಕೊಪ್ಪಿದರೆ ಅವರು ಮುಂದುವರಿಯಬಹುದು, ಇಲ್ಲವಾದರೆ ವರ್ಗಾವಣೆ ಪತ್ರ ಪಡೆಯಬಹುದೆಂಬುದು ಅದರ ಸಾರ.

ಹಕ್ಕು ಇದೆಯೆಂಬುದು ನಿಜ. ಅದನ್ನು ಯಾವ ಉದ್ದೇಶಕ್ಕಾಗಿ ಚಲಾಯಿಸಬೇಕೆಂಬುದು ಬೇರೆಯೇ ಪ್ರಶ್ನೆ.

ಸಮವಸ್ತ್ರದ ಮೂಲವನ್ನು ಹುಡುಕಿದರೆ ನಾವು ಲಂಡನ್ನಿಗೆ ಹೋಗಬೇಕು. 1552ರಲ್ಲಿ ಬಡ ಹಾಗೂ ಅನಾಥ ಮಕ್ಕಳಿಗಾಗಿ ಅಲ್ಲಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ನೀಲಿ ನಿಲುವಂಗಿ ಪ್ರಸಿದ್ಧವಾದುದು. ಅಲ್ಲಿ ಬಟ್ಟೆಯಿಲ್ಲದ ಮಗುವಿಗೆ ಬಟ್ಟೆ ಕೊಟ್ಟು ಒಳಗೆ ಕರೆದುಕೊಳ್ಳಲಾಯಿತು. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಉಚಿತ ಸಮವಸ್ತ್ರ ನೀಡುವ ವಿದ್ಯಾವಿಕಾಸ ಯೋಜನೆಯ ಹಿಂದಿರುವುದೂ ಇದೇ ಭಾವನೆ. ಸಿರಿವಂತನ ಮಗನಿಗೂ ಕೂಲಿಕಾರನ ಮಗನಿಗೂ ಒಂದೇ ಬೆಂಚು, ಒಂದೇ ಅಂಗಿ. ಆದುದರಿಂದ ಸಮವಸ್ತ್ರವೇ ಬೇಡವೆಂಬ ವಾದವನ್ನು ನಾವು ಒಪ್ಪಲಾರೆವು. ಅದನ್ನು ಕಿತ್ತೆಸೆದರೆ ಮೊದಲು ನೋಯುವವನು ಬಡವನೇ.

ಆದರೆ ಮಗುವನ್ನು ಒಳಗೆ ಕರೆಯಲು ಹುಟ್ಟಿದ ಬಟ್ಟೆಯೇ ಅದನ್ನು ಹೊರಗೆ ನಿಲ್ಲಿಸುವಂತಾದರೆ? 2022ರ ಆರಂಭದಲ್ಲಿ ಉಡುಪಿಯ ಕಾಲೇಜುಗಳ ಬಾಗಿಲಲ್ಲಿ ನಡೆದುದನ್ನು ನಾಡೆಲ್ಲ ಕಂಡಿದೆ. ಆ ವರ್ಷದ ಮಾರ್ಚ್ 15ರಂದು ನಮ್ಮ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶವನ್ನು ಸಮರ್ಥಿಸಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಹೆಣ್ಣುಮಗುವಿನ ಶಿಕ್ಷಣವನ್ನೇ ಮುಂದಿಟ್ಟು ಅದನ್ನು ತಳ್ಳಿಹಾಕಿದರು.

ನ್ಯಾಯಾಲಯಗಳು ಭಿನ್ನವಾಗಿ ನುಡಿಯಬಹುದು. ನಮ್ಮ ಶಾಲೆಗಳಿಗೆ ಮಾತ್ರ ದಾರಿ ಅಸ್ಪಷ್ಟವಾಗಿಲ್ಲ. ಬಡವರ ಬಗೆಗೂ ಅನ್ಯಧರ್ಮೀಯ ಮಕ್ಕಳ ಬಗೆಗೂ ವಿಶೇಷ ಕಾಳಜಿ ಇರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ತನ್ನ ಶಿಕ್ಷಣ ಘೋಷಣೆಯಲ್ಲಿ ತಿಳಿಸಿದೆ. ನಮ್ಮ ಮಗಳ ಕೊರಳಿನ ಶಿಲುಬೆಯನ್ನು ತೆಗೆಯೆಂದು ಬೇರೊಂದು ಶಾಲೆ ಆಜ್ಞಾಪಿಸಿದರೆ ನಾವು ಸುಮ್ಮನಿರುವೆವೇ? ಹಾಗಿದ್ದರೆ ನೆರೆಮನೆಯ ಮಗುವಿನ ಹಣೆಯ ಬೊಟ್ಟು, ಮುಡಿದ ಹೂ, ಕೈಯ ಮದರಂಗಿ, ತಲೆಯ ವಸ್ತ್ರ ನಮಗೆ ಶಿಸ್ತಿನ ಭಂಗವಾಗಿ ಏಕೆ ತೋರಬೇಕು?

ನಿಯಮ ಇರಲಿ. ಆದರೆ ಅದನ್ನು ರೂಪಿಸುವಾಗ ಹೆತ್ತವರನ್ನು ಮಾತ್ರವಲ್ಲ, ಮೇಲಿನ ತರಗತಿಗಳ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಕೇಳೋಣ. ಅಂಗಿಯ ಬಣ್ಣ ಒಂದೇ ಇರಲಿ; ಅದೇ ಬಣ್ಣದ ಶಿರವಸ್ತ್ರಕ್ಕೆ, ಉದ್ದ ತೋಳಿಗೆ ಎಡೆಯಿರಲಿ. ತಪ್ಪಿದವರಿಗೆ ಬುದ್ಧಿಮಾತು ಹೇಳೋಣ. ಬಟ್ಟೆಯ ಕಾರಣಕ್ಕಾಗಿ ಯಾವ ಮಗುವೂ ಒಂದು ದಿನದ ಪಾಠವನ್ನೂ ಕಳೆದುಕೊಳ್ಳದಿರಲಿ. ಶಿಸ್ತು ಕಲಿಸಬೇಕಾದುದು ತರಗತಿಯ ಒಳಗೆ. ಗೇಟಿನ ಹೊರಗೆ ನಿಂತ ಮಗುವಿಗೆ ಯಾರು ಏನನ್ನು ಕಲಿಸಬಲ್ಲರು?