ಕೋವಿ ನಳಿಗೆ ನೋಡೋಕೆ ಪ್ರಖರ ಟಾರ್ಚ್ ಬೇಡ

ಮಲೆನಾಡು, ಕೊಡಗಿನ ಕಡೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳಿವೆ. ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಂತ ಕೋವಿ ಇರಲಿ, ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟು ವಾಪಸ್ ತಂದ ಕೋವಿ ಇರಲಿ, ನಳಿಗೆಯ ಒಳಗೆ ನೋಡದೆ ಬಳಸಲೇಬಾರದು. ಒಳಗೆ ತುಕ್ಕು ಹಿಡಿದಿರಬಹುದು, ಬಟ್ಟೆ ಚೂರು ಸಿಕ್ಕಿರಬಹುದು, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಅಡ್ಡ ಏನಾದರೂ ಇದ್ದಾಗ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಆಗ ಹೋಗೋದು ಮುಂದೆ ಹಿಡಿದ ಕೈಯ ಬೆರಳು, ಇಲ್ಲಾಂದ್ರೆ ಕಣ್ಣು.

ನೋಡೋಕೆ ನಮ್ಮ ಹುಡುಗರು ತಕ್ಷಣ ಮೊಬೈಲ್ ಟಾರ್ಚ್ ಹಚ್ಚುತ್ತಾರೆ, ಇಲ್ಲಾ ಹಂದಿ ಕಾಯೋ ದೊಡ್ಡ ಟಾರ್ಚ್ ತರುತ್ತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಹೊಳೆಯುವ ಉಕ್ಕಿನ ಮೇಲೆ ನೇರವಾಗಿ ಜೋರು ಬೆಳಕು ಬಿದ್ದರೆ ಕಣ್ಣು ಕೋರೈಸುತ್ತೆ, ಸಣ್ಣ ಗುಳಿಗಳು ಕಾಣೋದೇ ಇಲ್ಲ.

ಮಡಚುವ ತೋಟಾ ಕೋವಿಗೆ ಒಂದು ಸಣ್ಣ ಪೆನ್ ಟಾರ್ಚ್, ಒಂದು ಬಿಳಿ ಹಾಳೆ ಸಾಕು. ಮೊದಲು ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು ನಳಿಗೆ ಬಿಚ್ಚಿಕೊಳ್ಳಿ. ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ. ತೋಟಾ ಹಾಕುವ ತುದಿಗೆ ಹಾಳೆ ಹಿಡಿದು, ಅದರ ಹಿಂದೆ ಟಾರ್ಚ್ ಇಟ್ಟು, ಇನ್ನೊಂದು ತುದಿಯಿಂದ ನೋಡಿ. ನಳಿಗೆ ಚೆನ್ನಾಗಿದ್ದರೆ ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಾಣುತ್ತವೆ. ಉಂಗುರ ಒಂದು ಕಡೆ ಮುರಿದಂತಿದ್ದರೆ ಅಲ್ಲಿ ತಗ್ಗು ಬಿದ್ದಿದೆ. ಸುತ್ತಲೂ ಕಪ್ಪು ಬಳೆಯಂತೆ ಕಂಡರೆ ನಳಿಗೆ ಉಬ್ಬಿದೆ. ಒರೆಸಿದರೂ ಹೋಗದ ಕಪ್ಪು ಚುಕ್ಕೆ ತುಕ್ಕು ತಿಂದ ಗುಳಿ. ಆಮೇಲೆ ತುದಿ ಬದಲಿಸಿ ಮತ್ತೊಮ್ಮೆ ನೋಡಿ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಕಥೆ ಬೇರೆ. ಅದರ ಹಿಂಬದಿ ಮುಚ್ಚಿರುತ್ತೆ, ಬೆಳಕು ಒಳಗೇ ಇಳಿಯಬೇಕು. ಅದಕ್ಕೂ ಮೊದಲು ಕೇಪು ಇಲ್ಲವೆಂದು ನೋಡಿ, ಮುಖವನ್ನು ಬಾಯಿಯ ನೇರಕ್ಕೆ ತರದೆ ಗಜ ಇಳಿಸಿ ಗುರುತು ಮಾಡಿ. ಆ ಅಳತೆಯನ್ನು ನಳಿಗೆಯ ಹೊರಗೆ ಹಿಡಿದು ನೋಡಿ. ಗಜ ಬುಡದವರೆಗೆ ಹೋಗಿಲ್ಲ ಅಂದ್ರೆ ಒಳಗೆ ಮದ್ದೋ, ಕಸವೋ ಇದೆ. ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕೇಳಿ. ಖಾಲಿ ಎಂದು ಖಾತ್ರಿಯಾದ ಮೇಲೆ ಗಟ್ಟಿ ದಾರಕ್ಕೆ ಕಟ್ಟಿದ ಪುಟ್ಟ ಎಲ್‌ಇಡಿ ಇಳಿಸಬಹುದು. ಬೆಂಕಿಕಡ್ಡಿ, ಮೇಣದಬತ್ತಿ ಹತ್ತಿರವೂ ತರಬೇಡಿ. ನೋಡಿದ ಮೇಲೆ ಎಲ್‌ಇಡಿಯನ್ನು ಹೊರತೆಗೆಯೋದು ಮರೆಯಬೇಡಿ, ಒಳಗೇ ಉಳಿದರೆ ಅದೇ ಅಡ್ಡವಾಗುತ್ತೆ.

ಮೊಬೈಲಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ತಗೊಳ್ಳೋಣವೇ ಅಂತ ಕೇಳಬಹುದು. ಕೇಪಿನ ಕೋವಿಯ ಬುಡ ನೋಡೋಕೆ ಅದು ಒಳ್ಳೆಯದೇ. 12 ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ., ಕ್ಯಾಮೆರಾ ಸಲೀಸಾಗಿ ಹೋಗುತ್ತೆ. ಆದರೆ ಅದರ ಬೆಳಕನ್ನು ಕಡಿಮೆ ಮಾಡಿಕೊಳ್ಳಿ. ಒಂದು ಸಲಕ್ಕೆ ಚೂರು ಜಾಗವಷ್ಟೇ ಕಾಣೋದರಿಂದ ನಳಿಗೆ ಉಬ್ಬಿರೋದು ಅದರಲ್ಲಿ ತಿಳಿಯೋದು ಕಷ್ಟ. ತೋಟಾ ಕೋವಿ ಮಾತ್ರ ಇದ್ದರೆ ಆ ದುಡ್ಡು ಉಳಿಸಿ.

ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತಕ್ಕೆ ಕೋವಿ ಶುಚಿ ಮಾಡಿ ಪೂಜೆ ಮಾಡುತ್ತಾರೆ. ಉಳಿದವರೂ ಹಾಗೇ ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಕೂತು ನೋಡಲಿ. ತಗ್ಗು, ಉಬ್ಬು, ಗುಳಿ ಏನೇ ಕಂಡರೂ ‘ಒಂದು ಸಲ ಹೊಡೆದು ನೋಡೋಣ’ ಅನ್ನೋದು ಮಾತ್ರ ಬೇಡ.