ಮೇಣದಬತ್ತಿ ಊದಿ ಆರಿಸಿದ ಮ್ಯಾನೇಜರ್



ಸಾವಿನ ಮನೆಯಲ್ಲಿ ಒಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಮೊದಲು ಅಳು, ಜಪಸರ. ಮಣ್ಣು ಮಾಡಿ ಬಂದ ಮೇಲೆ ಯಾರೋ ಒಬ್ಬರು ಸತ್ತವರ ತಮಾಷೆಯೊಂದನ್ನು ನೆನಪಿಸುತ್ತಾರೆ. ಅತ್ತು ಕೆಂಪಾದ ಕಣ್ಣಿನಲ್ಲೇ ಎಲ್ಲರೂ ನಗುತ್ತಾರೆ. 2021ರ ಜನವರಿ 7ರಂದು ಟಾಮಿ ಲಸೋರ್ಡಾ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅಮೆರಿಕದ ಲಾಸ್ ಏಂಜಲಿಸ್ ನಗರದ ಅಭಿಮಾನಿಗಳೂ ಹೀಗೆಯೇ ಮಾಡಿದರು. ಕೊರೋನಾ ಕಾಲವಾದ್ದರಿಂದ ಗುಂಪು ಸೇರುವಂತಿರಲಿಲ್ಲ. ಆದರೂ ಕ್ರೀಡಾಂಗಣದ ಬಳಿ ಹೂವಿಟ್ಟು ಹೋದರು, ಅವರ ಕಥೆಗಳನ್ನು ಹೇಳಿಕೊಂಡು ನಕ್ಕರು.

ಯಾರು ಈ ಲಸೋರ್ಡಾ? ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕದಲ್ಲಿ ಬೇಸ್‌ಬಾಲ್ ಹಾಗೆ. ಅದರಲ್ಲಿ ಯಾರನ್ನು ಆಡಿಸಬೇಕು, ಯಾರನ್ನು ಬದಲಿಸಬೇಕು ಎಂದು ನಿರ್ಧರಿಸುವವರು ಮ್ಯಾನೇಜರ್. ಇಟಲಿಯಿಂದ ವಲಸೆ ಬಂದ ಬಡ ಕಥೋಲಿಕ ಕುಟುಂಬದಲ್ಲಿ 1927ರಲ್ಲಿ ಹುಟ್ಟಿದ ಲಸೋರ್ಡಾ 1976ರಿಂದ 1996ರವರೆಗೆ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿದ್ದರು. 1,599 ಪಂದ್ಯ ಗೆಲ್ಲಿಸಿದರು. 1981 ಮತ್ತು 1988ರಲ್ಲಿ ತಂಡ 'ವರ್ಲ್ಡ್ ಸೀರೀಸ್' ಗೆದ್ದಿತು. ಆದರೆ ಚೆಂಡೆಸೆಯುವ ಆಟಗಾರರಾಗಿ ದೊಡ್ಡ ಲೀಗ್‌ನಲ್ಲಿ ಅವರು ಕಂಡದ್ದು ನಾಲ್ಕು ಸೋಲು. ಗೆಲುವು ಒಂದೂ ಇಲ್ಲ!

ಅವರೇ ಹೇಳಿಕೊಂಡು ನಗುತ್ತಿದ್ದ ಒಂದು ಕಥೆ ಕೇಳಿ. ಒಮ್ಮೆ ಸಿನ್ಸಿನಾಟಿ ನಗರದಲ್ಲಿ ಬಲಿಪೂಜೆಗೆ ಹೋದಾಗ ಎದುರಾಳಿ ತಂಡದ ಮ್ಯಾನೇಜರ್ ಜಾನ್ ಮೆಕ್‌ನಮಾರಾ ಕೂಡ ಅಲ್ಲಿದ್ದರು. ಪೂಜೆ ಮುಗಿದ ಮೇಲೆ ಮೆಕ್‌ನಮಾರಾ ಒಂದು ಮೇಣದಬತ್ತಿ ಹಚ್ಚಿ, ಪ್ರಾರ್ಥಿಸಿ ಹೊರಟರು. ಅವರು ಅತ್ತ ಹೋದದ್ದೇ ತಡ, ಲಸೋರ್ಡಾ ಹೋಗಿ ಅದನ್ನು ಊದಿ ಆರಿಸಿಬಿಟ್ಟರಂತೆ! ಅಂದಿನ ಆಟದುದ್ದಕ್ಕೂ, ಬತ್ತಿ ಆರಿಸಿದ್ದೇನೆ, ನಿನ್ನ ಪ್ರಾರ್ಥನೆ ನಡೆಯುವುದಿಲ್ಲ ಎಂದು ಕೂಗುತ್ತಲೇ ಇದ್ದರಂತೆ.

ಇಂಥ ತುಂಟ ಮನುಷ್ಯನನ್ನು ಆಟಗಾರರು ಯಾಕಷ್ಟು ಪ್ರೀತಿಸಿದರು? ಮೆಕ್ಸಿಕೋದ ಹಳ್ಳಿಯಿಂದ ಬಂದ ಫರ್ನಾಂಡೊ ವಲೆನ್ಸುವೆಲಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಲಸೋರ್ಡಾ ಅವನೊಡನೆ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಆಡುವ ನಮಗೆ ಇದರ ಬೆಲೆ ಗೊತ್ತು. ಓರೆಲ್ ಹರ್ಷೈಸರ್ ಎಂಬ ಸೌಮ್ಯ ಯುವಕ 1984ರಲ್ಲಿ ಎದುರಾಳಿಗಳಿಗೆ ಹೆದರಿ ಚೆಂಡೆಸೆಯುತ್ತಿದ್ದ. ಲಸೋರ್ಡಾ ಅವನನ್ನು ಕೋಣೆಗೆ ಕರೆದು ಚೆನ್ನಾಗಿ ಬೈದರು. ನಿನ್ನಲ್ಲಿ ಶಕ್ತಿಯಿದೆ, ಅದನ್ನು ನೀನೇ ನಂಬುತ್ತಿಲ್ಲ ಎಂಬುದೇ ಬೈಗುಳದ ಸಾರ. 'ಬುಲ್‌ಡಾಗ್' ಎಂಬ ಅಡ್ಡಹೆಸರನ್ನೂ ಇಟ್ಟರು. ಯೇಸುವಿನ ಪರ್ವತ ಪ್ರಸಂಗದ ಇಂಗ್ಲಿಷ್ ಹೆಸರನ್ನೇ ಸ್ವಲ್ಪ ತಿರುಗಿಸಿ ಹರ್ಷೈಸರ್ ಆ ಬೈಗುಳಕ್ಕೆ ತಮಾಷೆಯ ಹೆಸರು ಕೊಟ್ಟರು. ಅದೇ ಹರ್ಷೈಸರ್ 1988ರಲ್ಲಿ ಸತತ 59 ಇನ್ನಿಂಗ್ಸ್ ಎದುರಾಳಿಗೆ ಒಂದು ರನ್ನೂ ಕೊಡದೆ ದಾಖಲೆ ಮಾಡಿದರು.

1989ರಲ್ಲಿ ಇದೇ ಹರ್ಷೈಸರ್, ಜೊತೆಗೆ ಕರ್ಕ್ ಗಿಬ್ಸನ್, ಊಟಪ್ರಿಯರಾದ ತಮ್ಮ ಮ್ಯಾನೇಜರಿಗೆ ತೂಕ ಇಳಿಸುವ ಪಂಥ ಒಡ್ಡಿದರು. ಲಸೋರ್ಡಾ ಗೆದ್ದರು. ಪಂಥದ ಹಣ ನ್ಯಾಶ್‌ವಿಲ್ ನಗರದ ಕನ್ಯಾಸ್ತ್ರೀಯರ ಕಾನ್ವೆಂಟಿಗೆ ಹೋಯಿತು.

ಹಾಗೆಂದು ಅವರೇನೂ ಸಂತರಲ್ಲ. ಅವರ ಬಾಯಿಯ ಹೊಲಸು ಬೈಗುಳ ದೇಶಕ್ಕೇ ಗೊತ್ತಿತ್ತು. 1991ರಲ್ಲಿ ಒಬ್ಬನೇ ಮಗ 33ನೇ ವಯಸ್ಸಿಗೆ ತೀರಿಕೊಂಡ. ಕಾರಣ ಏಡ್ಸ್ ಎಂದು ಪತ್ರಿಕೆಗಳು ಬರೆದಾಗ ತಂದೆ ಒಪ್ಪಲಿಲ್ಲ, ನ್ಯುಮೋನಿಯಾ ಎಂದೇ ಹೇಳಿದರು. ಸಾವಿರ ಜನರ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲವರಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಇಂಥ ಮಾತು ಗಂಟಲಲ್ಲೇ ಉಳಿದಿಲ್ಲ?

ಜನವರಿ 19ರಂದು ಅವರ ಶವಪೆಟ್ಟಿಗೆಯನ್ನು ಕ್ರೀಡಾಂಗಣದ ನಡುವೆ, ಚೆಂಡೆಸೆಯುವ ದಿಬ್ಬದ ಮೇಲೆ ಇಟ್ಟು ಬೀಳ್ಕೊಟ್ಟರು. ಅಂದು ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ, ಒಮ್ಮೆ ಬೈಸಿಕೊಂಡಿದ್ದ ಹರ್ಷೈಸರ್ ಕೂಡ ಇದ್ದರು.

ನಾವು ಸತ್ತವರನ್ನು ಒಮ್ಮೊಮ್ಮೆ ಗೋಡೆಯ ಮೇಲಿನ ಫೋಟೋ ಮಾಡಿಬಿಡುತ್ತೇವೆ. ಅಪ್ಪನ ಕೋಪ, ಅಜ್ಜಿಯ ಹಠ, ಮಾವನ ಕುಡಿತ, ಯಾವುದನ್ನೂ ಎತ್ತುವುದಿಲ್ಲ. ಆದರೆ ತಪ್ಪೇ ಇಲ್ಲದವರಾಗಿದ್ದರೆ ಅವರಿಗಾಗಿ ಪೂಜೆ ಇಡಿಸುವ ಅಗತ್ಯವೇನಿತ್ತು? ಧರ್ಮಸಭೆ ಮೃತರಿಗಾಗಿ ಪ್ರಾರ್ಥಿಸಿ ಎನ್ನುವುದೇ ಅವರು ನಮ್ಮ ಹಾಗೆ ಮನುಷ್ಯರಾಗಿದ್ದರು ಎಂಬ ಕಾರಣಕ್ಕೆ. ಅವರ ತಪ್ಪನ್ನು ಬಲ್ಲವರೇ ಮನಸಾರೆ ಪ್ರಾರ್ಥಿಸಬಲ್ಲರು.

ನವೆಂಬರ್ 2ರಂದು ನಿಮ್ಮವರ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುವಾಗ ಮಕ್ಕಳಿಗೆ ಅವರ ಒಂದು ಕಥೆ ಹೇಳಿ. ನಗಿಸುವ ಕಥೆಯಾದರೂ ಸರಿ, ನೋವಿನದಾದರೂ ಸರಿ. ಆಮೇಲೆ ಎಲ್ಲರೂ ಸೇರಿ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ. ಆ ಬತ್ತಿಯನ್ನು ಮಾತ್ರ ಯಾರೂ ಆರಿಸದಿರಲಿ!